ರೇಖೆಯೂ ಯಂತ್ರವೂ

ಮಂಡ್ಯ ಜಿಲ್ಲೆಯ ನಾಗಮಂಗಲವು ಸೌಮ್ಯಕೇಶವಸ್ವಾಮಿಯ ದೇವಾಲಯಕ್ಕೆ ಹೇಗೋ ಹಾಗೆಯೇ ಲೋಹವಿಗ್ರಹಗಳ ಎರಕಕ್ಕೂ ಪ್ರಸಿದ್ಧವಾದ ಊರು. ಆ ತಾಲ್ಲೂಕಿನ ದೇವಲಾಪುರ ಹೋಬಳಿಯ ಹಿರಿಯರನ್ನು ಕೇಳಿದರೆ ಎರಕದ ಕ್ರಮವನ್ನು ನಾಲ್ಕು ಮಾತಿನಲ್ಲಿ ಹೇಳಿಬಿಡುವರು. ಶಿಲ್ಪಿಯು ಮೊದಲು ಮೇಣದಲ್ಲಿ ಮೂರ್ತಿಯನ್ನು ತಿದ್ದುವನು; ಅದರ ಮೇಲೆ ಮಣ್ಣನ್ನು ಮೆತ್ತುವನು; ಕಾಯಿಸಿದಾಗ ಮೇಣವು ಕರಗಿ ಹೊರಕ್ಕೆ ಹರಿದುಹೋಗುವುದು; ಬರಿದಾದ ಎಡೆಯನ್ನು ಕರಗಿದ ಲೋಹವು ತುಂಬಿಕೊಳ್ಳುವುದು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯರ ದೊರೆಯಾದ ಮೂರನೆಯ ಸೋಮೇಶ್ವರನು ತನ್ನ ‘ಮಾನಸೋಲ್ಲಾಸ’ದಲ್ಲಿ ವರ್ಣಿಸಿರುವ ಕ್ರಮವೂ ಇದೇ. ಇಲ್ಲಿ ಕುಲುಮೆಯ ಕೆಲಸವು ದೊಡ್ಡದು. ಆದರೆ ಮೂರ್ತಿಯ ತುಟಿಯಲ್ಲಿ ಮಂದಹಾಸವಿರಬೇಕೇ ಬೇಡವೇ ಎಂಬುದು ಕುಲುಮೆಗೆ ತಿಳಿಯದು. ಅದು ಮೇಣವನ್ನು ತಿದ್ದಿದ ಬೆರಳಿಗೆ ಮಾತ್ರ ತಿಳಿದ ಸಂಗತಿ. ಕೈಯ ಪಾಲು ಎಷ್ಟು, ಬೆಂಕಿಯ ಪಾಲು ಎಷ್ಟು ಎಂಬ ಲೆಕ್ಕವು ಆ ಕಸಬಿನಲ್ಲಿ ಎಂದೋ ತೀರ್ಮಾನವಾಗಿಹೋಗಿದೆ.

ಇದೇ ಲೆಕ್ಕವು ಇನ್ನೂ ತೀರದೆ ಉಳಿದಿರುವ ಕಲೆಯೊಂದುಂಟು. ಅದು ಅನಿಮೇಷನ್ ಎಂದು ಲೋಕಪ್ರಸಿದ್ಧವಾಗಿರುವ, ಚಿತ್ರಗಳಿಗೆ ಚಲನೆಯನ್ನು ಕೊಡುವ ಕಲೆ. ಇಂದು ಮಕ್ಕಳು ನೋಡುವ ಇಂತಹ ಚಿತ್ರಗಳಲ್ಲಿ ಬಹುಪಾಲು ಗಣಕಯಂತ್ರದಿಂದಲೇ ಸಿದ್ಧವಾದವು. ಆದರೂ ಅವುಗಳಲ್ಲಿ ಅನೇಕವು ಕೈಯಿಂದಲೇ ಬರೆದಂತೆ ಕಾಣಬೇಕೆಂದು ಯಂತ್ರವನ್ನು ಬಲ್ಲವರು ವರ್ಷಗಟ್ಟಲೆ ಶ್ರಮಪಡುತ್ತಿರುವರು. ಕೈಯ ಕೆಲಸವನ್ನು ಬಿಡಿಸಲು ಬಂದ ಯಂತ್ರವು ಕೈಯ ಚೆಲುವನ್ನೇ ಅನುಕರಿಸಲು ಹೊರಟದ್ದು ಹೇಗೆ ಎಂಬುದು ವಿಚಾರಮಾಡತಕ್ಕ ವಿಷಯವು.

ಈ ವಿಚಾರಕ್ಕೆ ನಮ್ಮ ಪ್ರಾಚೀನರ ಗ್ರಂಥವೊಂದು ಒಳ್ಳೆಯ ಅಳತೆಗೋಲನ್ನು ಒದಗಿಸುತ್ತದೆ. ವಿಷ್ಣುಧರ್ಮೋತ್ತರಪುರಾಣದ ಮೂರನೆಯ ಖಂಡದಲ್ಲಿರುವ ಚಿತ್ರಸೂತ್ರವು ಚಿತ್ರವನ್ನು ನೋಡುವವರಲ್ಲಿ ತಾರತಮ್ಯವನ್ನು ಹೇಳುವುದು. ಸಾಮಾನ್ಯ ಜನರು ಬಣ್ಣಗಳ ಸಮೃದ್ಧಿಗೆ ಮರುಳಾಗುವರು. ವಿಚಕ್ಷಣರು ವರ್ತನೆಯನ್ನು, ಎಂದರೆ ಉಬ್ಬುತಗ್ಗುಗಳನ್ನು ತೋರಿಸುವ ನೆರಳು ಬೆಳಕುಗಳ ಹದವನ್ನು ಮೆಚ್ಚುವರು. ಆಚಾರ್ಯರಾದರೋ ರೇಖೆಯನ್ನು ಕೊಂಡಾಡುವರು. ಬಣ್ಣ, ವರ್ತನೆ, ರೇಖೆ ಎಂಬ ಈ ಮೂರು ಮೆಟ್ಟಿಲುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಅನಿಮೇಷನ್ನಿನ ಚರಿತ್ರೆಯನ್ನು ನೋಡಿದರೆ ಒಂದು ವಿಸ್ಮಯವು ಕಾಣುವುದು. ಯಂತ್ರವು ಈ ಮೆಟ್ಟಿಲುಗಳನ್ನು ಕೆಳಗಿನಿಂದ ಮೇಲಕ್ಕೆ ಒಂದೊಂದಾಗಿ ಏರಿ ಬಂದಿದೆ. ಮೊದಲು ಬಣ್ಣವನ್ನು ತನ್ನದಾಗಿಸಿಕೊಂಡಿತು. ಅನಂತರ ವರ್ತನೆಗೆ ಕೈಹಾಕಿತು. ಈಗ ರೇಖೆಯ ಬಾಗಿಲಲ್ಲಿ ನಿಂತಿದೆ.

ಅದೇ ಚಿತ್ರಸೂತ್ರದಲ್ಲಿ ಇನ್ನೊಂದು ಮಾತೂ ಉಂಟು. ಪ್ರತಿಮೆಯನ್ನು ಮಾಡುವ ಬಗೆಯನ್ನು ಕೇಳಿದ ವಜ್ರರಾಜನಿಗೆ ಮಾರ್ಕಂಡೇಯ ಮುನಿಯು, ಚಿತ್ರವನ್ನರಿಯದವನಿಗೆ ಪ್ರತಿಮೆಯು ತಿಳಿಯದೆಂದೂ ನೃತ್ತವನ್ನರಿಯದವನಿಗೆ ಚಿತ್ರವು ತಿಳಿಯದೆಂದೂ ತಿಳಿಸುವನು. ನಿಂತ ಚಿತ್ರಕ್ಕೇ ಕುಣಿತದ ಅರಿವು ಬೇಕೆಂದ ಮೇಲೆ ನಡೆಯುವ ಚಿತ್ರಕ್ಕೆ ಅದು ಎಷ್ಟು ಬೇಕೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕನ್ನಡನಾಡಿನಲ್ಲಿ ನಡೆಯುವ ಚಿತ್ರವು ಸಿನಿಮಾದೊಡನೆ ಬಂದದ್ದಲ್ಲ. ಹಳೆಯ ಮೈಸೂರಿನ ಬಯಲುಸೀಮೆಯಲ್ಲಿಯೂ ಬಳ್ಳಾರಿ, ಕೊಪ್ಪಳಗಳ ಕಡೆಯಲ್ಲಿಯೂ ತೊಗಲುಗೊಂಬೆಯ ಆಟವು ಬಹುಕಾಲದಿಂದ ನಡೆದುಬಂದಿದೆ. ಮಳೆಯು ತಡೆದಾಗ ಊರವರು ಕೂಡಿ ಈ ಆಟವನ್ನು ಆಡಿಸುವ ವಾಡಿಕೆಯಿದ್ದಿತು. ಆಡು, ಜಿಂಕೆಗಳ ತೊಗಲನ್ನು ಹದಮಾಡಿ, ಬೆಳಕು ಹಾಯುವಷ್ಟು ತೆಳುವಾಗಿಸಿ, ಅದರ ಮೇಲೆ ಆಕೃತಿಯನ್ನು ಗೀರಿ, ಒಡವೆಗಳ ಎಡೆಯಲ್ಲಿ ಸಣ್ಣ ಸಣ್ಣ ರಂಧ್ರಗಳನ್ನು ಕೊರೆದು ಬಣ್ಣ ಹಚ್ಚುವರು. ಬಿಳಿಯ ಪರದೆಯ ಹಿಂದೆ ದೀಪವಿಟ್ಟು ಗೊಂಬೆಯನ್ನು ಒತ್ತಿ ಹಿಡಿದರೆ ಮುಂದೆ ಕುಳಿತವರಿಗೆ ರಾಮನೂ ರಾವಣನೂ ಬಣ್ಣದ ನೆರಳಾಗಿ ಕಾಣುವರು. ಕಿಳ್ಳೇಕ್ಯಾತನೆಂಬುದು ಈ ಆಟದ ವಿದೂಷಕನ ಹೆಸರೂ ಹೌದು, ಇದನ್ನು ಆಡಿಸುವ ಜನಾಂಗದ ಹೆಸರೂ ಹೌದು. ಗೊಂಬೆಗಳ ಅಳತೆಯಲ್ಲಿಯೂ ಒಂದು ಕಟ್ಟಳೆಯುಂಟು: ದೇವತೆಗಳೂ ಅರಸರೂ ದೊಡ್ಡವರು, ಸೇವಕರು ಸಣ್ಣವರು. ಕರ್ಣಾಟಕದ ಗೊಂಬೆಗಳಲ್ಲಿ ಅನೇಕವು ಒಂದೇ ತೊಗಲಿನವು, ಕೀಲುಗಳು ಕಡಮೆ. ನೆರೆಯ ಆಂಧ್ರದ ದೊಡ್ಡ ಗೊಂಬೆಗಳಿಗೆ ಹೆಗಲು, ಮೊಣಕೈ, ಮೊಣಕಾಲುಗಳಲ್ಲಿ ಕೀಲುಗಳಿರುವುವು.

ಈ ಕೀಲಿನ ತತ್ತ್ವವನ್ನು ವಾಚಕರು ಮರೆಯಬಾರದು. ಒಮ್ಮೆ ಬರೆದ ಆಕೃತಿಯನ್ನು ಮತ್ತೆ ಬರೆಯದೆ, ಅದರ ಅವಯವಗಳನ್ನು ಮಾತ್ರ ತಿರುಗಿಸಿ ಜೀವವನ್ನು ತೋರಿಸುವುದೇ ಈ ತತ್ತ್ವ. 1926ರಲ್ಲಿ ಜರ್ಮನಿಯ ಲೊಟ್ಟೆ ರೈನಿಗರ್ ಎಂಬ ಮಹಿಳೆಯು ಕಪ್ಪು ರಟ್ಟನ್ನು ಕತ್ತರಿಸಿ, ತಂತಿಯಿಂದ ಕೀಲುಗಳನ್ನು ಕಟ್ಟಿ, ಆಕೃತಿಗಳನ್ನು ಕೂದಲೆಳೆಯಷ್ಟು ಸರಿಸಿ ಸರಿಸಿ ಒಂದೊಂದೇ ಛಾಯಾಚಿತ್ರವನ್ನು ತೆಗೆದು, ರಾಜಕುಮಾರ ಅಹ್ಮದನ ಕಥೆಯನ್ನು ಪೂರ್ಣಪ್ರಮಾಣದ ಚಲಚ್ಚಿತ್ರವಾಗಿ ಹೊರತಂದಳು. ಇಂದು ಗಣಕಯಂತ್ರದಲ್ಲಿ ಕೈ, ಕಾಲು, ತಲೆಗಳನ್ನು ಬಿಡಿಬಿಡಿಯಾಗಿ ಬರೆದು, ಕೀಲು ಕೂಡಿಸಿ ಆಡಿಸುವ ಪದ್ಧತಿಯು ವಿಶೇಷವಾಗಿ ಬಳಕೆಯಲ್ಲಿದೆ. ಅದು ಹೊಸ ಪರದೆಯ ಹಿಂದೆ ನಡೆಯುವ ಹಳೆಯ ಆಟವೆಂದರೆ ತಪ್ಪಾಗಲಾರದು.

ಆದರೆ ಸಿನಿಮಾದ ಮುಖ್ಯ ಮಾರ್ಗವು ಬೇರೆಯಾಯಿತು. 1908ರಲ್ಲಿ ಫ್ರಾನ್ಸಿನ ಎಮಿಲ್ ಕೋಲ್ ಎಂಬವನು ನೂರಾರು ರೇಖಾಚಿತ್ರಗಳನ್ನು ಒಂದರ ಹಿಂದೊಂದು ಬರೆದು ಅವುಗಳನ್ನು ಓಡಿಸಿ ತೋರಿಸಿದನು. 1914ರಲ್ಲಿ ಅಮೆರಿಕೆಯ ಅರ್ಲ್ ಹರ್ಡ್ ಎಂಬವನು ಪಾರದರ್ಶಕವಾದ ಸೆಲ್ಯುಲಾಯಿಡ್ ಹಾಳೆಗಳ ಉಪಾಯವನ್ನು ಕಂಡುಹಿಡಿದು ಹಕ್ಕನ್ನು ಪಡೆದನು. ಹಿನ್ನೆಲೆಯ ಬೆಟ್ಟ, ಮನೆಗಳನ್ನು ಒಮ್ಮೆ ಬರೆದಿಟ್ಟು, ಚಲಿಸುವ ಆಕೃತಿಯನ್ನು ಮಾತ್ರ ಈ ಹಾಳೆಗಳ ಮೇಲೆ ಬೇರೆ ಬೇರೆಯಾಗಿ ಬರೆದರೆ ಸಾಕಾಯಿತು. ಹಾಗಾದರೂ ಶ್ರಮವು ಅಲ್ಪವಲ್ಲ. ಒಂದು ಸೆಕೆಂಡಿಗೆ 24 ಚಿತ್ರಗಳು ಪರದೆಯ ಮೇಲೆ ಹಾಯ್ದುಹೋಗುವುವು. ಒಂದೊಂದನ್ನು ಎರಡೆರಡು ಸಲ ತೋರಿಸುವುದಾದರೆ ಸೆಕೆಂಡಿಗೆ 12, ನಿಮಿಷಕ್ಕೆ 720, ಎಂಬತ್ತು ನಿಮಿಷದ ಕಥೆಗೆ 57,600 ರೇಖಾಚಿತ್ರಗಳು ಬೇಕು. ಇದೂ ಒಂದೇ ಒಂದು ಪಾತ್ರದ ಲೆಕ್ಕ.

ಈ ಭಾರವನ್ನು ಹೊರಲು ಕೆಲಸವು ವಿಂಗಡವಾಯಿತು. ಒಂದು ಚಲನೆಯ ಮೊದಲು, ಕೊನೆ ಮತ್ತು ಮುಖ್ಯವಾದ ನಿಲವುಗಳನ್ನು ಪ್ರಧಾನ ಚಿತ್ರಕಾರನು ಬರೆಯುವನು. ಅವುಗಳ ನಡುವಣ ಚಿತ್ರಗಳನ್ನು ಸಹಾಯಕರು ತುಂಬುವರು. ಇನ್ನೊಂದು ತಂಡವು ಪೆನ್ಸಿಲಿನ ಗೆರೆಯನ್ನು ಹಾಳೆಯ ಮೇಲೆ ಶಾಯಿಯಿಂದ ತಿದ್ದುವುದು. ಮತ್ತೊಂದು ತಂಡವು ಹಾಳೆಯ ಬೆನ್ನಿಗೆ ಬಣ್ಣ ತುಂಬುವುದು. ವಾಲ್ಟ್ ಡಿಸ್ನಿಯ ಶಾಲೆಯಲ್ಲಿ ಶಾಯಿ, ಬಣ್ಣಗಳ ಕೆಲಸವು ಬಹುಮಟ್ಟಿಗೆ ಹೆಂಗಸರದಾಗಿದ್ದಿತು. 1956ರಲ್ಲಿ ಆ ಶಾಲೆಯಲ್ಲಿ ಪಳಗಿದ ಕ್ಲೇರ್ ವೀಕ್ಸ್ ಎಂಬವರು ಮುಂಬಯಿಯ ಫಿಲ್ಮ್ಸ್ ಡಿವಿಜನ್ನಿಗೆ ಬಂದು ಅಲ್ಲಿಯ ವ್ಯಂಗ್ಯಚಿತ್ರ ವಿಭಾಗದವರಿಗೆ ಈ ವಿದ್ಯೆಯನ್ನು ಕಲಿಸಿದರು. ಮರುವರ್ಷವೇ ಜಾತಕಕಥೆಯನ್ನಾಧರಿಸಿದ ‘ಬನ್ಯನ್ ಡೀರ್’ ಎಂಬ ಕಿರುಚಿತ್ರವು ಹೊರಬಂದಿತು. ಭಾರತೀಯ ಅನಿಮೇಷನ್ನಿನ ಪಿತಾಮಹರೆಂದು ಗೌರವಿಸಲ್ಪಟ್ಟ ರಾಮಮೋಹನರು ಬೆಳೆದದ್ದು ಅದೇ ಗರಡಿಯಲ್ಲಿ.

ಯಂತ್ರವು ರೇಖೆಯನ್ನು ಮೊದಲ ಸಲ ಮುಟ್ಟಿದ್ದು ಗಣಕದ ರೂಪದಲ್ಲಿ ಅಲ್ಲ, ನಕಲು ತೆಗೆಯುವ ಜೆರಾಕ್ಸಿನ ರೂಪದಲ್ಲಿ. 1961ರಲ್ಲಿ ಹೊರಬಂದ ಡಿಸ್ನಿಯ ನೂರೊಂದು ಡಾಲ್ಮೇಷಿಯನ್ ನಾಯಿಗಳ ಚಿತ್ರದಲ್ಲಿ ಪೆನ್ಸಿಲಿನ ಗೆರೆಯನ್ನು ಯಂತ್ರದಿಂದ ನೇರವಾಗಿ ಹಾಳೆಗೆ ಇಳಿಸಿದರು. ಮೈತುಂಬ ಚುಕ್ಕೆಗಳಿರುವ ನೂರು ನಾಯಿಗಳನ್ನು ಕೈಯಿಂದ ತಿದ್ದುವುದು ಆಗದ ಮಾತಾಗಿದ್ದಿತು. ಶಾಯಿಯ ಕೆಲಸದಲ್ಲಿ ಬಹುಭಾಗವು ಅಲ್ಲಿಗೆ ಮುಗಿಯಿತು. ಅದನ್ನೇ ನಂಬಿದ್ದವರ ಕೈಗಳಿಗೆ ಕೆಲಸವಿಲ್ಲದಂತಾಯಿತು. ಆದರೆ ಇನ್ನೊಂದು ಪರಿಣಾಮವೂ ಆಯಿತು. ನುಣ್ಣಗೆ ತಿದ್ದಿದ ಗೆರೆಯ ಬದಲು ಚಿತ್ರಕಾರನ ಪೆನ್ಸಿಲು ಎಳೆದ ಒರಟು ಗೆರೆಯೇ, ಅದರ ತಡವರಿಕೆಯೊಡನೆ, ಪರದೆಯ ಮೇಲೆ ಕಾಣಿಸಿತು. ಯಂತ್ರವು ಒಂದು ಕೈಯನ್ನು ಕಳೆದು ಇನ್ನೊಂದು ಕೈಯನ್ನು ಬೆಳಕಿಗೆ ತಂದಿತು. ಈ ಕಲೆಯ ಮುಂದಿನ ಚರಿತ್ರೆಯಲ್ಲಿ ಲಾಭನಷ್ಟಗಳು ಹೀಗೆಯೇ ಕೈಹಿಡಿದು ನಡೆದಿರುವುವು.

ಗಣಕಯಂತ್ರವು ಮೊದಲು ಆಸೆಪಟ್ಟದ್ದು ಸಹಾಯಕರ ನಡುಚಿತ್ರಗಳಿಗೆ. 1974ರಲ್ಲಿ ಕೆನಡಾದಲ್ಲಿ ಪೀಟರ್ ಫೋಲ್ಡೆಸ್ ಎಂಬವನು ‘ಹಸಿವು’ ಎಂಬರ್ಥದ ಹೆಸರಿನ ಕಿರುಚಿತ್ರವೊಂದನ್ನು ತಯಾರಿಸಿದನು. ಅದರಲ್ಲಿ ಮುಖ್ಯ ಚಿತ್ರಗಳನ್ನು ಅವನು ಬರೆದನು; ನಡುವಣ ಚಿತ್ರಗಳನ್ನು ಯಂತ್ರವು ಲೆಕ್ಕಹಾಕಿ ತುಂಬಿತು. ಒಂದು ಆಕೃತಿಯು ಕರಗಿ ಇನ್ನೊಂದಾಗುವ ಆ ವಿಚಿತ್ರ ಚಲನೆಯು ಅತ್ಯಾಶೆಯ ಕಥೆಗೆ ಚೆನ್ನಾಗಿ ಒಪ್ಪಿತು. ಆದರೆ ಎಲ್ಲ ಕಥೆಗಳಿಗೂ ಅದು ಒಪ್ಪುವಂತಿರಲಿಲ್ಲ. 1978ರಲ್ಲಿ ಎಡ್ವಿನ್ ಕ್ಯಾಟ್ಮಲ್ ಎಂಬ ಗಣಕವಿಜ್ಞಾನಿಯು ಈ ಕಷ್ಟದ ಮೂಲವನ್ನು ತೋರಿಸಿಕೊಟ್ಟನು. ಒಬ್ಬ ಹೆಂಗಸು ಎದುರಿಗೆ ನೋಡುತ್ತಿದ್ದವಳು ಪಕ್ಕಕ್ಕೆ ತಿರುಗುವಳೆಂದು ಇಟ್ಟುಕೊಳ್ಳೋಣ. ಮೊದಲ ಚಿತ್ರದಲ್ಲಿ ಎರಡು ಕಣ್ಣುಗಳು, ಕೊನೆಯದರಲ್ಲಿ ಒಂದು ಕಣ್ಣು. ಉಳಿದ ಕಣ್ಣು ಎಲ್ಲಿಗೆ ಹೋಯಿತು? ಅದು ಮೂಗಿನ ಆಚೆಗೆ ಮರೆಯಾಯಿತೆಂಬುದು ಚಿತ್ರಕಾರನಿಗೆ ಗೊತ್ತು. ಏಕೆಂದರೆ ಅವನ ಮನಸ್ಸಿನಲ್ಲಿರುವುದು ತಲೆ. ಯಂತ್ರದ ಬಳಿ ಇರುವುದಾದರೋ ಬರಿಯ ಗೆರೆಗಳು. ಹಾಳೆಯ ಮೇಲಣ ಗೆರೆಯು ಮನುಷ್ಯನಿಗೆ ತಿಳಿದದ್ದರ ಅಲ್ಪಾಂಶವೇ ಹೊರತು ಸರ್ವಸ್ವವಲ್ಲ. ನೃತ್ತವನ್ನರಿಯದವನಿಗೆ ಚಿತ್ರವು ತಿಳಿಯದೆಂಬ ಮಾರ್ಕಂಡೇಯನ ಮಾತು ಗಣಕಶಾಸ್ತ್ರದ ಭಾಷೆಯಲ್ಲಿ ಹೀಗೆ ಮತ್ತೊಮ್ಮೆ ಸಿದ್ಧವಾಯಿತು.

ಆಗ ಯಂತ್ರವು ತನಗೆ ಸುಲಭವಾದ ಬಣ್ಣದ ಕಡೆಗೆ ತಿರುಗಿತು. ಕೈಯಿಂದ ಬರೆದ ಚಿತ್ರಗಳನ್ನು ಗಣಕಕ್ಕೆ ಇಳಿಸಿಕೊಂಡು ಅಲ್ಲಿಯೇ ಬಣ್ಣ ತುಂಬುವ ಏರ್ಪಾಟನ್ನು ಡಿಸ್ನಿಯವರು ಪಿಕ್ಸಾರ್ ಸಂಸ್ಥೆಯೊಡನೆ ಸೇರಿ ನಿರ್ಮಿಸಿದರು. 1989ರ ‘ಲಿಟ್ಲ್ ಮರ್ಮೇಡ್’ ಚಿತ್ರದ ಕೊನೆಯಲ್ಲಿ ಕಾಣುವ ಕಾಮನಬಿಲ್ಲಿನ ದೃಶ್ಯದಲ್ಲಿ ಅದನ್ನು ಪರೀಕ್ಷಿಸಿ, 1990ರ ‘ರೆಸ್ಕ್ಯೂವರ್ಸ್ ಡೌನ್ ಅಂಡರ್’ ಎಂಬ ಚಿತ್ರವನ್ನು ಪೂರ್ತಿಯಾಗಿ ಅದರಿಂದಲೇ ಮುಗಿಸಿದರು. ಬಣ್ಣದ ಡಬ್ಬಿಗಳೂ ಪಾರದರ್ಶಕ ಹಾಳೆಗಳೂ ಅಲ್ಲಿಂದ ಮುಂದೆ ಮೂಲೆಗೆ ಸೇರಿದುವು. ಜಪಾನಿನ ಘಿಬ್ಲಿ ಶಾಲೆಯವರು 1997ರ ‘ಪ್ರಿನ್ಸೆಸ್ ಮೊನೊನೋಕೆ’ಯ ಕೆಲವು ಭಾಗಗಳಿಗೆ ಇಟಲಿಯಲ್ಲಿ ಹುಟ್ಟಿದ ಟೂಂಜ್ ಎಂಬ ಗಣಕಸಾಧನವನ್ನು ಬಳಸಿದರು. 1999ರಲ್ಲಿ ಇಸಾವೊ ತಕಹಾತ ಎಂಬವರು ಯಮದಾ ಎಂಬ ಕುಟುಂಬದ ಕಥೆಯನ್ನು ಪೂರ್ತಿಯಾಗಿ ಗಣಕದಲ್ಲಿಯೇ ಸಿದ್ಧಪಡಿಸಿದರು. ಆಶ್ಚರ್ಯವೆಂದರೆ, ಆ ಚಿತ್ರವು ನೋಡುವವರಿಗೆ ಯಂತ್ರದ ನೆನಪನ್ನೇ ತರುವುದಿಲ್ಲ. ನೀರುಬಣ್ಣದಲ್ಲಿ ಅವಸರವಾಗಿ ಬಿಡಿಸಿ, ಮೂಲೆಗಳನ್ನು ಖಾಲಿಯಾಗಿಯೇ ಬಿಟ್ಟ ಪುಟದಂತೆ ಕಾಣುವುದು.

ವರ್ತನೆಯ ಸರದಿಯು ಅನಂತರದ್ದು. ಚಿತ್ರಸೂತ್ರವು ನೆರಳನ್ನು ತೋರಿಸಲು ಎಲೆಯ ನರಗಳಂತಹ ಗೆರೆಗಳನ್ನೂ ಬಿಂದುಗಳನ್ನೂ ಹೇಳಿರುವುದು. 2018ರಲ್ಲಿ ಹೊರಬಂದ ‘ಸ್ಪೈಡರ್‌ಮ್ಯಾನ್: ಇಂಟು ದಿ ಸ್ಪೈಡರ್‌ವರ್ಸ್’ ಎಂಬ ಅಮೆರಿಕದ ಚಿತ್ರವು ಆಕೃತಿಗಳನ್ನು ಗಣಕದಲ್ಲಿಯೇ ಕಡೆದರೂ, ಮುದ್ರಿತ ಚಿತ್ರಕಥೆಯ ಪುಸ್ತಕಗಳಲ್ಲಿರುವಂತಹ ಬಿಂದುಗಳನ್ನೂ ಗೀರುಗಳನ್ನೂ ಅವುಗಳ ಮೇಲೆ ಹರಡಿತು. 2019ರಲ್ಲಿ ಸ್ಪೇನ್ ದೇಶದ ಮ್ಯಾಡ್ರಿಡ್ ನಗರದಲ್ಲಿ ಸಿದ್ಧವಾದ ‘ಕ್ಲೌಸ್’ ಇದಕ್ಕೆ ವಿರುದ್ಧವಾದ ದಾರಿಯನ್ನು ಹಿಡಿಯಿತು. ಅಲ್ಲಿ ಆಕೃತಿಗಳನ್ನು ಕೈಯಿಂದ ಬರೆದರು. ಗೆರೆಯು ಚಲಿಸಿದಂತೆ ನೆರಳುಬೆಳಕುಗಳೂ ಅದರೊಡನೆ ಚಲಿಸುವಂತೆ ಮಾಡುವ ಕೆಲಸಕ್ಕೆ ಯಂತ್ರವನ್ನು ನೆರವಿಗೆ ಕರೆದರು. ಒಂದು ಚಿತ್ರದಲ್ಲಿ ಯಂತ್ರವು ಕೈಯನ್ನು ಅನುಕರಿಸಿತು. ಇನ್ನೊಂದರಲ್ಲಿ ಕೈಗೆ ದಾಸನಾಯಿತು. ಎರಡೂ ಚಿತ್ರಗಳನ್ನು ಲೋಕವು ಮೆಚ್ಚಿಕೊಂಡಿತು.

ಈ ಚರಿತ್ರೆಯಲ್ಲಿ ಕನ್ನಡನಾಡಿಗೂ ಒಂದು ಪಾಲುಂಟು. ಗೋವಿನ ಹಾಡನ್ನು ಅರಿಯದ ಕನ್ನಡದ ಮನೆಯಿಲ್ಲ. ಹುಲಿಯ ಬಾಯಿಗೆ ಸಿಕ್ಕಿದ ಪುಣ್ಯಕೋಟಿಯು, ಕರುವಿಗೆ ಹಾಲೂಡಿಸಿ ಹಿಂದಿರುಗುವೆನೆಂದು ಮಾತುಕೊಟ್ಟು, ಅದರಂತೆ ನಡೆದುಕೊಂಡ ಕಥೆಯದು. ಇದರ ಬಂಧುವಾದ ಕಥೆಯೊಂದು ಪದ್ಮಪುರಾಣದಲ್ಲಿಯೂ ಉಂಟು. ಅಲ್ಲಿ ಗೋವಿನ ಹೆಸರು ನಂದೆ. ಈ ಕನ್ನಡದ ಹಾಡನ್ನು ಆಧರಿಸಿ ಬೆಂಗಳೂರಿನ ವಿ. ರವಿಶಂಕರ್ ಎಂಬವರು ‘ಪುಣ್ಯಕೋಟಿ’ ಎಂಬ ಎರಡು ಆಯಾಮಗಳ ಅನಿಮೇಷನ್ ಚಿತ್ರವನ್ನು ಸಂಸ್ಕೃತದಲ್ಲಿ ನಿರ್ದೇಶಿಸಿದರು. ಸಾರ್ವಜನಿಕರು ಕೊಟ್ಟ ಹಣವೂ ಅದಕ್ಕೆ ಕೂಡಿಬಂದಿತು. ಇಳಯರಾಜರು ಸಂಗೀತವನ್ನು ಕೊಟ್ಟರು. ನಟಿ ರೇವತಿಯವರು ಧ್ವನಿಯನ್ನಿತ್ತರು. 2020ರಲ್ಲಿ ನೆಟ್‌ಫ್ಲಿಕ್ಸಿನ ಮೂಲಕ ಅದು ಲೋಕವನ್ನು ಸೇರಿತು. ಕೋಟ್ಯಂತರ ರೂಪಾಯಿಗಳ ವಿದೇಶೀ ಚಿತ್ರಗಳ ಎದುರಿಗೆ ಇದು ಸಣ್ಣ ಹಣತೆಯೇ ಸರಿ. ಆದರೂ ಅಜ್ಜಿಯರ ಕಂಠದಲ್ಲಿದ್ದ ಹಾಡು ಗೀರ್ವಾಣಭಾಷೆಯನ್ನುಟ್ಟು, ಗಣಕದ ನೆರವಿನಿಂದ ನಡೆದಾಡಿದ್ದು ಸಣ್ಣ ಸಂಗತಿಯಲ್ಲ.

ಉಳಿದಂತೆ ಬೆಂಗಳೂರಿನ ಕೈಗಳು ಬಹುಮಟ್ಟಿಗೆ ಪರರ ಚಿತ್ರಗಳಿಗಾಗಿ ದುಡಿದಿರುವುವು. 2012ರಲ್ಲಿ ಕರ್ನಾಟಕ ಸರ್ಕಾರವು ಅನಿಮೇಷನ್ನಿಗೆಂದೇ ಒಂದು ಧೋರಣೆಯನ್ನು ಪ್ರಕಟಿಸಿ ಇತರ ರಾಜ್ಯಗಳಿಗೆ ದಾರಿತೋರಿತು. 2024ರಲ್ಲಿ ಅದನ್ನು ಹೊಸದಾಗಿಸಿತು. ಕಲಿಯುವವರೂ ಹೆಚ್ಚಿದರು. ಆದರೆ 2025ರ ಫೆಬ್ರವರಿಯಲ್ಲಿ ಟೆಕ್ನಿಕಲರ್ ಎಂಬ ಫ್ರೆಂಚ್ ಸಂಸ್ಥೆಯು ದಿವಾಳಿಯ ಅಂಚಿಗೆ ಬಂದಾಗ ಬೆಂಗಳೂರಿನಲ್ಲಿದ್ದ ಅದರ ಶಾಖೆಯೂ ಬಾಗಿಲು ಮುಚ್ಚಿತು. ಅಲ್ಲಿ ದುಡಿಯುತ್ತಿದ್ದ ಬಹುಮಂದಿ ಒಮ್ಮೆಗೇ ಬೀದಿಗೆ ಬಂದರು. 1961ರಲ್ಲಿ ಶಾಯಿಯ ಕೆಲಸದ ಹೆಂಗಸರಿಗೆ ಆದದ್ದೇ ಬೇರೊಂದು ಕಾರಣದಿಂದ ಇವರಿಗೂ ಆಯಿತು. ಪರರ ಮುಖ್ಯಚಿತ್ರಗಳ ನಡುವಣ ಎಡೆಯನ್ನು ತುಂಬುವವನ ಬಾಳು ಪರರ ಕೈಯಲ್ಲಿಯೇ ಇರುವುದೆಂಬುದಕ್ಕೆ ಬೇರೆ ಸಾಕ್ಷಿ ಬೇಕಾಗಿಲ್ಲ.

ಅದರ ಮರುತಿಂಗಳಲ್ಲಿಯೇ ಇನ್ನೊಂದು ಸಂಗತಿ ನಡೆಯಿತು. ಯಾರೇ ಆಗಲಿ ತಮ್ಮ ಭಾವಚಿತ್ರವನ್ನು ಕೊಟ್ಟು ಒಂದು ಮಾತು ಹೇಳಿದರೆ ಕೃತಕಬುದ್ಧಿಯ ಯಂತ್ರವು ಅದನ್ನು ಕ್ಷಣಮಾತ್ರದಲ್ಲಿ ಘಿಬ್ಲಿ ಶಾಲೆಯವರು ಬರೆದಂತೆ ಮಾಡಿಕೊಡತೊಡಗಿತು. ಆ ಶಾಲೆಯವರು ಎಷ್ಟೋ ದಶಕಗಳು ಪೆನ್ಸಿಲು ಸವೆಸಿ ಪಡೆದ ರೇಖೆಯ ವೇಷವು ಬೀದಿಬೀದಿಗಳಲ್ಲಿ ಬಿಟ್ಟಿಯಾಗಿ ದೊರೆಯಿತು. ಇಲ್ಲಿಗೆ ಯಂತ್ರವು ಮೂರನೆಯ ಮೆಟ್ಟಿಲಿಗೆ ಕಾಲಿಟ್ಟಂತಾಯಿತು. ಆದರೆ ಒಂದು ಭೇದವನ್ನು ಗಮನಿಸಬೇಕು. ಬಣ್ಣವನ್ನು ತುಂಬಿದಾಗ ಯಂತ್ರವು ಬಳಲಿದ ಕೈಯೊಂದಕ್ಕೆ ನೆರವಾಗಿದ್ದಿತು. ಇಲ್ಲಿ ನೆರವು ಪಡೆಯುವ ಕೈಯೇ ಇಲ್ಲ. ಮೇಣವಿಲ್ಲದ ಎರಕವಿದು, ಹಿಂದೆ ಯಾರೋ ತಿದ್ದಿದ ಮೂರ್ತಿಗಳಿಂದ ಅಚ್ಚನ್ನು ಎತ್ತಿದ್ದು. ಹೊಸದಾಗಿ ಮೇಣವನ್ನು ತಿದ್ದುವವರು ಇಲ್ಲವಾದರೆ ಮುಂದಿನ ಅಚ್ಚನ್ನು ಎಲ್ಲಿಂದ ಎತ್ತುವುದು?

ತೊಗಲುಗೊಂಬೆಯ ಕುಟುಂಬಗಳ ಕಡೆಗೆ ನೋಡಿದರೆ ಈ ಪ್ರಶ್ನೆಯು ಇನ್ನಷ್ಟು ಹತ್ತಿರವಾಗುವುದು. ಸಿನಿಮಾ ಬಂದು ಆಟವು ಹಿಂದೆ ಬಿದ್ದ ಕಾಲದಲ್ಲಿ ಬೆಂಗಳೂರಿನ ಕರ್ನಾಟಕ ಚಿತ್ರಕಲಾ ಪರಿಷತ್ತಿನ ಸ್ಥಾಪಕರಾದ ಎಂ. ಎಸ್. ನಂಜುಂಡರಾಯರು ಗೊಂಬೆಗಳನ್ನು ಸಂಗ್ರಹಿಸಿ, ಅಭ್ಯಾಸಮಾಡಿ, ಪರಿಷತ್ತಿನಲ್ಲಿ ಉಳಿಸಿದರು. ಬಳ್ಳಾರಿಯ ಕಡೆಯ ಬೆಳಗಲ್ಲು ವೀರಣ್ಣನವರು ಗಾಂಧೀಜಿಯ ಚರಿತ್ರೆಯನ್ನು ತೊಗಲುಗೊಂಬೆಗಳಲ್ಲಿ ಆಡಿಸಿ, ಹಳೆಯ ಪರದೆಯ ಮೇಲೆ ಹೊಸ ಕಥೆಗೂ ಎಡೆಯುಂಟೆಂದು ತೋರಿಸಿದರು. ಅವರು 2023ರಲ್ಲಿ ತೀರಿಕೊಂಡರು. 2025ರಲ್ಲಿ ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ, ತೊಂಬತ್ತನ್ನು ಮೀರಿದ ಪ್ರಾಯದಲ್ಲಿ, ಪದ್ಮಶ್ರೀ ಪ್ರಶಸ್ತಿಯು ದೊರೆಯಿತು. ಗೌರವವು ಉಚಿತವೇ. ಆದರೆ ಗಾಜಿನ ಪೆಟ್ಟಿಗೆಯಲ್ಲಿರುವ ಗೊಂಬೆಯು ಕೈಯನ್ನು ಕಲಿಸಲಾರದು. ಗೊಂಬೆಯನ್ನು ಕೊರೆಯುವ ಕೈಯ ಪಕ್ಕದಲ್ಲಿ ಇನ್ನೊಂದು ಎಳೆಯ ಕೈ ಕುಳಿತರೆ ಮಾತ್ರ ವಿದ್ಯೆಯು ದಾಟುವುದು.

ಯಂತ್ರವನ್ನು ದೂರುವುದು ಈ ಲೇಖನದ ಉದ್ದೇಶವಲ್ಲ. ಘಿಬ್ಲಿಯವರು ಬಳಸಿದ ಟೂಂಜ್ ಸಾಧನವು 2016ರಲ್ಲಿ ‘ಓಪನ್‌ಟೂಂಜ್’ ಎಂಬ ಹೆಸರಿನಿಂದ ಸರ್ವರಿಗೂ ಉಚಿತವಾಯಿತು. ಹಿಂದೆ ದೊಡ್ಡ ಸಂಸ್ಥೆಗಳಿಗೆ ಮಾತ್ರ ಎಟುಕುತ್ತಿದ್ದ ಏರ್ಪಾಟು ಇಂದು ಒಂದು ಗಣಕವಿರುವ ಹಳ್ಳಿಯ ಪ್ರೌಢಶಾಲೆಗೂ ದೊರೆಯುವುದು. ಬಣ್ಣ ತುಂಬುವ ಹೊರೆಯನ್ನು ಅದು ಹೊರಲಿ. ಸಾವಿರ ಸಲ ತಿದ್ದುವ ಬೇಸರವನ್ನು ಅದು ನೀಗಲಿ. ಆದರೆ ಅದರ ಮುಂದೆ ಕೂರುವ ಹುಡುಗನೋ ಹುಡುಗಿಯೋ ಮೊದಲು ಕಾಗದದ ಮೇಲೆ ಒಂದು ಹಸುವನ್ನು ಬರೆಯಲು ಕಲಿತಿರಬೇಕು. ಅದಕ್ಕೂ ಮೊದಲು ಕೊಟ್ಟಿಗೆಯ ಬಾಗಿಲಲ್ಲಿ ನಿಂತು, ಮೇಯ್ದು ಬಂದ ಹಸುವು ಕರುವಿನ ಕಡೆಗೆ ತಲೆ ತಿರುಗಿಸುವಾಗ ಅದರ ಕುತ್ತಿಗೆಯು ಹೇಗೆ ಬಾಗುವುದೆಂದು ನೋಡಿರಬೇಕು. ಆ ಬಾಗುವಿಕೆಯಲ್ಲಿ ಒಂದು ಕಣ್ಣು ಮರೆಯಾಗುವುದನ್ನು ಕಂಡ ಮಗುವಿಗೆ ಯಂತ್ರದ ನಡುಚಿತ್ರವು ಎಲ್ಲಿ ತಪ್ಪಿತೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ದೇವಲಾಪುರದ ಸೀಮೆಯಲ್ಲಿ ಕೊಟ್ಟಿಗೆಗಳಿಗೆ ಇನ್ನೂ ಬರವಿಲ್ಲ. ಕಾಗದಕ್ಕೂ ಪೆನ್ಸಿಲಿಗೂ ಹೆಚ್ಚು ಹಣವು ಬೇಡ.